ಲಾರಿ ನಟ್ಟು

ನಾಲ್ಕೂ ಬಿಗಿಯಾಗಿದ್ದವು. ಕಿವಿ ಮೇಸ್ತ್ರಿ ಕಂಪ್ರೆಸರಿನ ಹಿಂಬದಿಗೆ ತೋಳು ತೂರಿಸಿ, ಎಣ್ಣೆಗೆ ಧೂಳು ಕೂತು ಗಟ್ಟಿಯಾದ ಜಿಡ್ಡನ್ನು ಉಗುರಿನಿಂದ ಕೆರೆದು ಒಂದೊಂದೇ ನಟ್ಟನ್ನು ಮುಟ್ಟಿ ನೋಡಿದ. ಮೊದಲನೆಯದು ಬಿಗಿ. ಹೋಗಲಿ, ಒಂದನ್ನು ಮರೆತಿರಬಹುದು ಎಂದುಕೊಂಡ. ಎರಡನೆಯದೂ ಬಿಗಿ. ಮೂರನೆಯದೂ ಅಷ್ಟೇ. ನಾಲ್ಕನೆಯದನ್ನು ಮುಟ್ಟುವ ಅಗತ್ಯವೇನೂ ಇರಲಿಲ್ಲ. ಆದರೂ ಮುಟ್ಟಿದ, ಅದೊಂದಾದರೂ ತನ್ನ ಮಾನ ಉಳಿಸಲಿ ಎಂಬ ಹುಚ್ಚು ಆಸೆಯಿಂದ. ಅದೂ ಬಿಗಿ. ಕಸುಬಿನವರು ಇವಕ್ಕೆ ಲಾರಿ ನಟ್ಟು ಅನ್ನುತ್ತಾರೆ. ಯಂತ್ರ ಲಾರಿಯಲ್ಲಿ ಬರುವಾಗ ಅಲ್ಲಾಡಿ ಪೈಪು ಮುರಿದುಕೊಳ್ಳದಿರಲಿ ಎಂದು ಕಾರ್ಖಾನೆಯವರು ಅದರ ನಾಲ್ಕು ಕಾಲುಗಳನ್ನೂ ಸ್ಪ್ರಿಂಗಿನ ಮೇಲೆ ಅದುಮಿ ಬಿಗಿದು ಕಳಿಸಿರುತ್ತಾರೆ. ಜಾಗದಲ್ಲಿ ಕೂರಿಸಿದವನು ಅವನ್ನು ಸಡಿಲಿಸಬೇಕು, ಸ್ಪ್ರಿಂಗು ಮೇಲೇಳಬೇಕು, ಯಂತ್ರ ತನ್ನ ಪಾಡಿಗೆ ತಾನು ತೊನೆಯುತ್ತಾ ಓಡಬೇಕು. ಸಡಿಲಿಸದಿದ್ದರೆ ಅದರ ನಡುಕವೆಲ್ಲ ನೆಲಕ್ಕಿಳಿಯುತ್ತದೆ, ನೆಲದಿಂದ ಕಂಬಕ್ಕೆ, ಕಂಬದಿಂದ ಮೇಲಿನ ಮನೆಯ ಗೋಡೆಗೆ. ಮೇಲಿನ ಮನೆಯಲ್ಲಿ ಟ್ಯೂಷನ್ ಹೇಳಿಕೊಡುವ ಟೀಚರಮ್ಮ ಒಬ್ಬರೇ ಇದ್ದರು. ಔಷಧಿ ಗೋದಾಮಿನ ಕೋಲ್ಡ್ ರೂಮಿಗೆ ಈ ಯಂತ್ರವನ್ನು ಹದಿನಾಲ್ಕು ತಿಂಗಳ ಹಿಂದೆ ಕೂರಿಸಿದವನು ಮೇಸ್ತ್ರಿಯೇ.

ಮರೆತದ್ದಾದರೂ ಹೇಗೆ? ಉತ್ತರ ಗೊತ್ತಿದ್ದದ್ದರಿಂದಲೇ ಆ ಪ್ರಶ್ನೆ ಇನ್ನಷ್ಟು ಸುಡುತ್ತಿತ್ತು. ಬೇರೆ ಮೆಕ್ಯಾನಿಕ್‌ಗಳು ಚೀಟಿ ಇಟ್ಟುಕೊಂಡು, ಮುಗಿದ ಒಂದೊಂದು ಕೆಲಸಕ್ಕೂ ಗೆರೆ ಎಳೆಯುತ್ತಾರೆ. ಅವನಿಗೆ ಚೀಟಿಯೆಂದರೆ ತಾತ್ಸಾರ. ಲಾರಿ ನಟ್ಟನ್ನು ಅವನು ಯಾವತ್ತೂ ನೆನಪಿಟ್ಟುಕೊಂಡವನೇ ಅಲ್ಲ. ಯಂತ್ರ ಚಾಲೂ ಮಾಡುತ್ತಿದ್ದ, ಕಟ್ಟಿಹಾಕಿದ ಯಂತ್ರ ಕೋಣೆ ತುಂಬ ಗುಡುಗುತ್ತಿತ್ತು, 'ಓಹೋ, ಬಿಚ್ಚೋದೊಂದು ಬಾಕಿ' ಎಂದು ಸ್ಪ್ಯಾನರ್ ಎತ್ತಿಕೊಳ್ಳುತ್ತಿದ್ದ. ಯಂತ್ರವೇ ಕೂಗಿ ಜ್ಞಾಪಿಸುತ್ತಿತ್ತು. ಇದೂ ಕೂಗಿರಬೇಕು. ಹದಿನಾಲ್ಕು ತಿಂಗಳ ಹಿಂದೆ ಇದೇ ಕೋಣೆಯಲ್ಲಿ, ಇವನ ಮೊಣಕಾಲ ಪಕ್ಕದಲ್ಲೇ, ಗಂಟಲು ಹರಿಯುವಂತೆ ಕೂಗಿರಬೇಕು. ಇವನು ಗೇಜಿನ ಮುಳ್ಳು ನೋಡಿ, ಕೈ ಒರೆಸಿಕೊಂಡು, ಮ್ಯಾನೇಜರ್ ಕೊಟ್ಟ ಟೀ ಕುಡಿದು ಮನೆಗೆ ಹೋಗಿದ್ದ. ಮೂವತ್ತೊಂದು ವರ್ಷ ಕಂಪ್ರೆಸರುಗಳ ನಡುವೆ ಬದುಕಿದ್ದಕ್ಕೆ ಅವು ಅವನಿಂದ ಕಿವಿಯನ್ನೇ ಕಿತ್ತುಕೊಂಡಿದ್ದವು. ಮೊದಲು ಹೋದದ್ದು ಗಡಿಯಾರದ ಟಿಕ್‌ಟಿಕ್. ಆಮೇಲೆ ಅಡುಗೆಮನೆಯಿಂದ ಹೆಂಡತಿ ಕರೆಯುವ ದನಿ. ಆಮೇಲೆ ಫೋನು. ಪೂರ್ತಿ ಹೋಗಿದೆ ಎಂದಲ್ಲ. ಎದುರು ನಿಂತು ಬಾಯಿ ಕಾಣುವಂತೆ ಮಾತಾಡಿದರೆ ಮುಕ್ಕಾಲು ಪಾಲು ತಿಳಿಯುತ್ತದೆ. ಉಳಿದ ಕಾಲು ಪಾಲಿಗೆ ತಲೆಯಾಡಿಸಿದರೆ ಸಾಕು. ಜನ ಅಷ್ಟಕ್ಕೇ ತೃಪ್ತರು ಎಂದು ಅವನು ಕಂಡುಕೊಂಡಿದ್ದ.

ಊರೆಲ್ಲ ಅವನನ್ನು ಕಿವಿ ಮೇಸ್ತ್ರಿ ಎಂದು ಕರೆಯುವುದು ಇನ್ನೂ ನಿಂತಿರಲಿಲ್ಲ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಒಂದು ಕಾಲದಲ್ಲಿ ಬೇಕರಿಯ ಮುಂದೆ ನಡೆದುಹೋಗುತ್ತಾ 'ನಿಮ್ಮ ಯಂತ್ರದಲ್ಲಿ ವಾಲ್ವ್ ಹೋಗ್ತಾ ಇದೆ ನೋಡ್ಕೊಳ್ಳಿ' ಎಂದು ಬೀದಿಯಿಂದಲೇ ಹೇಳಿ ಹೋಗುತ್ತಿದ್ದವನು. ಒಂದು ವಾರದೊಳಗೆ ವಾಲ್ವ್ ಹೋಗುತ್ತಿತ್ತು. ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರದ ಮೈಗೆ ಇಟ್ಟು, ಹಿಡಿಯನ್ನು ಕಿವಿಗೊತ್ತಿ, ಕಣ್ಣು ಅರ್ಧ ಮುಚ್ಚಿ ನಿಂತನೆಂದರೆ ಮಾಲೀಕರು ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಆ ಕಾಯುವಿಕೆಯ ರುಚಿ ಇದೆಯಲ್ಲ, ಅದನ್ನು ಬಿಡಲಾರದೆ ಹೋದ. ಕಿವಿ ಹೋದ ಮೇಲೂ ಅದೇ ಸ್ಕ್ರೂಡ್ರೈವರ್, ಅದೇ ಅರ್ಧ ಕಣ್ಣು. ಗೇಜು, ಕೈಯ ಬಿಸಿ, ಎಣ್ಣೆಯ ಬಣ್ಣ ನೋಡಿ ರೋಗ ಹೇಳುತ್ತಿದ್ದ, ಕಿವಿಯಿಂದ ಹೇಳಿದಂತೆ ನಟಿಸುತ್ತಿದ್ದ. ಯಾರೂ ಇಲ್ಲದಾಗ ಮಾತ್ರ ಸ್ಕ್ರೂಡ್ರೈವರಿನ ಹಿಡಿಯನ್ನು ಹಲ್ಲಿನಲ್ಲಿ ಕಚ್ಚುತ್ತಿದ್ದ. ಹಲ್ಲಿಗೆ, ದವಡೆಗೆ ನಡುಕ ತಿಳಿಯುತ್ತಿತ್ತು. ಆದರೆ ಮನುಷ್ಯರ ಮುಂದೆ ಹಾಗೆ ಕಚ್ಚಿ ನಿಲ್ಲಲಾದೀತೇ? ಥೂ!

ಮೂರು ವಾರದ ಹಿಂದೆ ಟೀಚರಮ್ಮನ ಕೋಣೆಯಲ್ಲೂ ಅವನು ಕಚ್ಚಲಿಲ್ಲ. ಕಟ್ಟಡದ ಮಾಲೀಕ, ಗೋದಾಮಿನ ಮ್ಯಾನೇಜರ್, ಎದುರು ಮನೆಯ ಟೈಲರ್, ಎಲ್ಲರೂ ಆ ಪುಟ್ಟ ಕೋಣೆಯಲ್ಲಿ ಗೋಡೆಗಂಟಿ ನಿಂತಿದ್ದರು. ಹಗಲೂ ರಾತ್ರಿ ಗೋಡೆ ಗುಂಯ್‌ಗುಟ್ಟುತ್ತದೆ, ತಲೆ ಒಡೆದುಹೋಗುತ್ತದೆ ಎಂದು ಟೀಚರಮ್ಮ ಒಂದು ವರ್ಷದಿಂದ ಅರ್ಜಿ ಬರೆಯುತ್ತಿದ್ದರು. ಮ್ಯಾನೇಜರ್ ಶಬ್ದ ಹೀರಲೆಂದು ಯಂತ್ರದ ಕೋಣೆಯ ಗೋಡೆಗೆ ಸ್ಪಂಜು ಹೊಡೆಸಿದ, ಯಾರನ್ನೋ ಕರೆಸಿ ಮೀಟರಿನಲ್ಲಿ ಶಬ್ದ ಅಳೆಸಿದ. ಗಾಳಿಯಲ್ಲಿ ಅಳೆದರೆ ಗೋಡೆಯೊಳಗಿನದು ಎಲ್ಲಿ ಸಿಕ್ಕೀತು, ಎಲ್ಲವೂ ಸರಿಯಿದೆ ಎಂದು ಬಂತು. ಕೊನೆಗೆ ಉಳಿದದ್ದು ಕಿವಿ ಮೇಸ್ತ್ರಿಯ ಮಾತು. ಅವನು ಕತ್ತು ವಾಲಿಸಿ, ಕಣ್ಣು ಅರ್ಧ ಮುಚ್ಚಿ ನಿಂತ. ಎಷ್ಟು ಹೊತ್ತು! ಎಲ್ಲರೂ ಕಾಯುತ್ತಿದ್ದರು. ಅವನೊಳಗೆ ಹತ್ತಿ ತುಂಬಿದಂತಹ ಮೌನ. "ಏನೂ ಇಲ್ಲ" ಎಂದ, ಗಟ್ಟಿಯಾಗಿ. ಸುಳ್ಳೂ ಅಲ್ಲ ನೋಡಿ, ಅವನ ಪಾಲಿಗೆ ಏನೂ ಇರಲಿಲ್ಲ. ಆಗ ಟೀಚರಮ್ಮ ತಲೆ ತಗ್ಗಿಸಿ ಏನೋ ಅಂದರು. ಉಳಿದವರು ನಕ್ಕರು. ಅವರು ನಕ್ಕರೆಂದು ಇವನೂ ನಕ್ಕ. ಏನೆಂದು ತಿಳಿಯದೆ, ಬಾಯಿ ಅಗಲಿಸಿ, ಎಲ್ಲರಿಗಿಂತ ಒಂದು ಗಳಿಗೆ ತಡವಾಗಿ ನಕ್ಕ.

ಇವತ್ತು ನಾಲ್ಕು ಗಂಟೆಗೆ ಮೀಟಿಂಗ್ ಇತ್ತು. ಮ್ಯಾನೇಜರ್ ಎರಡು ಕಾಗದ ಟೈಪು ಮಾಡಿಸಿ ಇಟ್ಟಿದ್ದ. ಒಂದರಲ್ಲಿ ಯಂತ್ರದಲ್ಲಿ ಯಾವ ದೋಷವೂ ಇಲ್ಲ, ಮೇಲಿನ ಮನೆಗೆ ಶಬ್ದ ಹೋಗುವ ಮಾತೇ ಇಲ್ಲ ಎಂದು ಮೇಸ್ತ್ರಿ ಸೈನ್ ಹಾಕಬೇಕು. ಇನ್ನೊಂದರಲ್ಲಿ ತಾನು ಕೊಟ್ಟ ದೂರು ಬರೀ ಭ್ರಮೆ, ಕ್ಷಮಿಸಿ ಎಂದು ಟೀಚರಮ್ಮ ಸೈನ್ ಹಾಕಬೇಕು, ಇಲ್ಲವೇ ತಿಂಗಳ ಕೊನೆಗೆ ಮನೆ ಬಿಡಬೇಕು. ಮೇಸ್ತ್ರಿ ಇಲ್ಲಿಗೆ ಬಂದದ್ದು ಯಂತ್ರವನ್ನೊಮ್ಮೆ ನೋಡಿದ ಶಾಸ್ತ್ರ ಮುಗಿಸಲು. ಏಳುವಾಗ ಆಸರೆಗೆಂದು ಯಂತ್ರವನ್ನು ಹಿಡಿದ. ಸ್ಪ್ರಿಂಗಿನ ಮೇಲಿದ್ದದ್ದು ಕೈಗೆ ವಾಲಬೇಕಿತ್ತು, ವಾಲಲಿಲ್ಲ, ಗೋಡೆಯಂತೆ ನಿಂತೇ ಇತ್ತು. ನಟ್ಟಿಗೆ ಕೈ ಹಾಕಿದ್ದು ಆಗಲೇ.

ಈಗ ಹನ್ನೊಂದು ಗಂಟೆ. ಸ್ಪ್ಯಾನರ್ ಕೈಯಲ್ಲೇ ಇತ್ತು. ನಟ್ಟಿಗೆ ಮೂರು ನಿಮಿಷ, ಎಲ್ಲ ಸೇರಿ ಹನ್ನೆರಡೇ ನಿಮಿಷದ ಕೆಲಸ. ಬಿಚ್ಚಿಬಿಟ್ಟರೆ ಗುಂಯ್ ನಿಲ್ಲುತ್ತದೆ, ಆ ತಾಯಿಗೆ ನಿದ್ದೆ ಬರುತ್ತದೆ, ತಾನು ಹಾಕುವ ಸೈನ್ ಕೂಡ ಸತ್ಯವೇ ಆಗುತ್ತದೆ. ಯಾರಿಗೂ ಎಳ್ಳಷ್ಟೂ ಗೊತ್ತಾಗುವುದಿಲ್ಲ. ಇದಕ್ಕಿಂತ ಒಳ್ಳೆಯ ದಾರಿ ಉಂಟೇ ಎಂದುಕೊಂಡು ಮೊದಲ ನಟ್ಟಿಗೆ ಸ್ಪ್ಯಾನರ್ ಕೂರಿಸಿಯೂ ಬಿಟ್ಟ. ಕೈ ಮುಂದೆ ಹೋಗಲಿಲ್ಲ. ನಾಲ್ಕು ಗಂಟೆಗೆ ಎಲ್ಲರೂ ಮೇಲೆ ಹೋಗಿ ಗೋಡೆಗೆ ಕಿವಿಗೊಟ್ಟರೆ ನಿಜವಾಗಿಯೂ ಏನೂ ಇರುವುದಿಲ್ಲ. 'ನೋಡಿದ್ರಾ? ಶುರುವಿನಿಂದ್ಲೂ ಏನೂ ಇರ್ಲಿಲ್ಲ.' ಶಬ್ದ ಹೋಗುತ್ತದೆ, ಹುಚ್ಚಿ ಎಂಬ ಹೆಸರು ಸಾಯುವ ತನಕ ಉಳಿಯುತ್ತದೆ. ಬೆಳಿಗ್ಗೆ ಹೆಂಡತಿ ಅವನ ಮುಂದೆ ಕೂತು, ಎಂದಿನಂತೆ ಬಾಯಿ ಕಾಣುವ ಹಾಗೆ ಬಿಡಿಸಿ ಬಿಡಿಸಿ ಹೇಳಿದ್ದಳು: "ಆ ಟೀಚರಮ್ಮನ ಹತ್ರ ಟ್ಯೂಷನ್‌ಗೆ ಹೋಗ್ತಿದ್ದ ಮಕ್ಕಳನ್ನ ಎಲ್ಲಾರೂ ಬಿಡಿಸ್ತಾ ಇದಾರಂತೆ ಕಣ್ರೀ. ತಲೆ ಸರಿ ಇಲ್ಲ ಅಂತ ಕಿವಿ ಮೇಸ್ತ್ರಿನೇ ಹೇಳಿದಾನಂತೆ." ತಾನು ಹಾಗೆ ಹೇಳಲಿಲ್ಲ ಎಂದು ರೇಗಿದ. ಅವನ ಫೋನುಗಳನ್ನೆಲ್ಲ ಆರು ವರ್ಷದಿಂದ ತಾನೇ ಎತ್ತಿ, ಮಾತಾಡಿ, ಗುಟ್ಟು ಕಾಪಾಡಿಕೊಂಡು ಬಂದ ಹೆಂಗಸು ಅವಳು. ತಟ್ಟೆ ಎತ್ತಿಕೊಂಡು ಎದ್ದಳು. "ನಿಮ್ಮ ಕಿವಿ ಹೋಗಿದ್ದು ನಂಗೊತ್ತು. ನಾಲಿಗೆ ಯಾವಾಗ ಹೋಯ್ತು?"

ಸ್ಪ್ಯಾನರನ್ನು ಚೀಲಕ್ಕೆ ಹಾಕಿ, ಸ್ಕ್ರೂಡ್ರೈವರ್ ಒಂದನ್ನೇ ಹಿಡಿದು ಮೆಟ್ಟಿಲು ಹತ್ತಿದ. ಟೀಚರಮ್ಮ ಬಾಗಿಲನ್ನು ಅರ್ಧ ತೆರೆದು, ಅವನ ಮುಖ ನೋಡಿ, ಮತ್ತೆ ಮುಚ್ಚಲು ಹೊರಟರು. "ಇನ್ನೇನು ಬಾಕಿ ಇದೆ?" ಅವನು ಗೋಡೆ ನೋಡಬೇಕು ಎಂದ. ಎಷ್ಟು ಜೋರಾಗಿ ಅಂದನೋ, ಅವರು ಬೆಚ್ಚಿ ಹಿಂದೆ ಸರಿದರು. ಅದೇ ಸಂದಿನಲ್ಲಿ ಒಳಗೆ ಹೋದ. ಕೋಣೆಯಲ್ಲಿ ಕಪ್ಪು ಹಲಗೆ, ಅದರ ಮೇಲೆ ಅರ್ಧಕ್ಕೆ ನಿಂತ ಭಾಗಾಕಾರ. ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಮೂರು ಮಾತ್ರ ನೆಲದ ಮೇಲೆ. ಎಂಟು ಕುರ್ಚಿಗಳನ್ನು ಒಂದರೊಳಗೊಂದು ಸೇರಿಸಿ ಮೂಲೆಗಿಟ್ಟಿದ್ದರು. ಹಾಸಿಗೆ ಇರಬೇಕಾದ ಜಾಗ ಖಾಲಿ. ಅಡುಗೆಮನೆಯ ಬಾಗಿಲಲ್ಲಿ, ಗ್ಯಾಸ್ ಸಿಲಿಂಡರಿಗೆ ತಾಗಿದಂತೆ, ಸುತ್ತಿಟ್ಟ ಹಾಸಿಗೆ ಕಾಣಿಸಿತು. ಈ ಹೆಂಗಸು ಒಲೆಯ ಬುಡದಲ್ಲಿ ಮಲಗುತ್ತಿದ್ದಾಳೆ, ಅಲ್ಲಿ ಕಂಬ ದೂರ, ಅಲ್ಲಿ ಗುಂಯ್ ಕಡಿಮೆ. ಅದನ್ನು ನೋಡಿ ಅವನಿಗೆ ನಾಚಿಕೆಯಾಯಿತು, ಮೈಯೆಲ್ಲ ಬಿಸಿಯಾಗುವಂಥ ನಾಚಿಕೆ. ಹೊರಗಿನ ಕೋಣೆಯ ಕಂಬದ ಪಕ್ಕ ಸ್ಕ್ರೂಡ್ರೈವರಿನ ತುದಿಯನ್ನು ಗೋಡೆಗಿಟ್ಟ. ಬೆನ್ನ ಹಿಂದೆ ಒಬ್ಬಳು ಟೀಚರು ನಿಂತಿರುವಾಗಲೇ, ಐವತ್ತಾರು ವರ್ಷದ ಗಂಡಸು, ಹಿಡಿಯನ್ನು ಬಾಯಿಗೆ ಹಾಕಿ ಕಚ್ಚಿದ.

ಇತ್ತು. ಹಲ್ಲಿನ ಬೇರಿಗೇ ಬಂದು ಬಡಿಯಿತು. ಒಂದೇ ಸಮನೆ, ನಿಲ್ಲದೆ, ಬಿಡುವು ಕೊಡದೆ, ದವಡೆಯಿಂದ ಕಪಾಲಕ್ಕೆ ಏರಿತು. ಎರಡು ನಿಮಿಷಕ್ಕೆ ಅವನ ಕಣ್ಣಲ್ಲಿ ನೀರು ಬಂತು. ಈಕೆ ಇದನ್ನು ಹದಿನಾಲ್ಕು ತಿಂಗಳು ತಡೆದುಕೊಂಡಿದ್ದಾರೆ, ಇದರೊಳಗೇ ಮಕ್ಕಳಿಗೆ ಭಾಗಾಕಾರ ಹೇಳಿಕೊಟ್ಟಿದ್ದಾರೆ. ತಿರುಗಿದಾಗ ಟೀಚರಮ್ಮ ಅವನನ್ನೇ ದಿಟ್ಟಿಸುತ್ತಿದ್ದರು. ಅವರ ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ಬಿಡಿಸಿ ಮುಗಿಸಿದವರ ಹಾಗೆ ಕಂಡರು.

"ಮೂರು ಸಲ ಕರೆದೆ," ಅಂದರು, ನಿಧಾನವಾಗಿ, ತುಟಿ ಕಾಣುವಂತೆ. "ನಿಮಗೆ ಕಿವಿ ಕೇಳ್ಸಲ್ಲ."

ಮೇಸ್ತ್ರಿ ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವನಿಗೇ ತಿಳಿಯಲಿಲ್ಲ.

"ಹಾಗೆ ತಲೆ ಆಡಿಸ್ಬೇಡಿ. ಅರ್ಥ ಆಗ್ದೆ ತಲೆ ಆಡಿಸೋ ಮಕ್ಕಳನ್ನ ಮೂವತ್ತು ವರ್ಷ ನೋಡಿದೀನಿ. ಆವತ್ತು ನಾನು ಏನೋ ಅಂದೆ, ನೀವು ನಕ್ರಿ. ಏನಂದೆ ಹೇಳಿ ನೋಡೋಣ."

ಅವನು ಸ್ಕ್ರೂಡ್ರೈವರಿನ ಹಿಡಿಯನ್ನು ಅಂಗಿಗೆ ಒರೆಸಿದ.

"ಮೇಸ್ತ್ರಿಗಳೇ, ನೀವಾದ್ರೂ ನನ್ನ ಹುಚ್ಚಿ ಮಾಡ್ಬೇಡಿ ಅಂದೆ."

ಕುರ್ಚಿಗೆಂದು ಕೈ ಚಾಚಿದ. ಸಿಕ್ಕಿದ್ದು ಮಕ್ಕಳ ಕುರ್ಚಿ. ಮೊಣಕಾಲು ಎದೆಗೆ ಬರುವಂತೆ ಅದರ ಮೇಲೆ ಕೂತು ಎಲ್ಲವನ್ನೂ ಹೇಳಿದ. ಲಾರಿ ನಟ್ಟು, ಕೂಗಿದ ಯಂತ್ರ, ಕೇಳಿಸಿಕೊಳ್ಳದ ತಾನು. ತಪ್ಪಾಯಿತು ಎಂದೂ ಹೇಳಿದ. ಅವರು ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಹನ್ನೆರಡು ನಿಮಿಷದ ಕೆಲಸ ಅಂತೀರಿ! ಇಲ್ಲಿ ಯಾಕೆ ಕೂತಿದೀರಿ ಮತ್ತೆ? ಎದ್ದೇಳಿ, ಹೋಗಿ ಬಿಚ್ಚಿ!" ಈಗ ಬಿಚ್ಚಿದರೆ ನಾಲ್ಕು ಗಂಟೆಗೆ ತೋರಿಸಲು ಏನೂ ಉಳಿಯುವುದಿಲ್ಲ ಎಂದು ಅವನು ಹೇಳಿದ. ಟೀಚರಮ್ಮ ಅಡುಗೆಮನೆಯ ಬಾಗಿಲಿಗೆ ಒರಗಿ, ಸುತ್ತಿಟ್ಟ ಹಾಸಿಗೆಯ ಮೇಲೆ ಕಾಲಿಟ್ಟು ನಿಂತರು. ಎಷ್ಟು ಆಸೆಯಾಗಿತ್ತೋ ಪಾಪ, ನೆಮ್ಮದಿಯ ನಿದ್ದೆ ಹನ್ನೆರಡೇ ನಿಮಿಷದ ದೂರದಲ್ಲಿತ್ತು.

"ಬಿಚ್ಚಬೇಡಿ," ಅಂದರು ಕೊನೆಗೆ. "ಇಷ್ಟು ದಿನ ತಡೆದಿದೀನಿ, ನಾಲ್ಕು ಗಂಟೆ ತನಕ ತಡೀತೀನಿ. ಆದ್ರೆ ಅಲ್ಲಿ ಬಂದು ಮತ್ತೆ ತಲೆ ಆಡಿಸಿದ್ರೋ, ನಿಮ್ಮನ್ನ ಸುಮ್ನೆ ಬಿಡಲ್ಲ."

ನಾಲ್ಕಕ್ಕೆ ಗೋದಾಮಿನ ಆಫೀಸಿನಲ್ಲಿ ಐದು ಕುರ್ಚಿ ಹಾಕಿದ್ದರು. ಔಷಧಿ ಪೆಟ್ಟಿಗೆಗಳ ವಾಸನೆ, ಮೇಜಿನ ಗಾಜಿನ ಕೆಳಗೆ ಹಳೆಯ ಕ್ಯಾಲೆಂಡರು. ಮ್ಯಾನೇಜರ್ ಬಿಸ್ಕತ್ತಿನ ತಟ್ಟೆಯನ್ನು ಎಲ್ಲರ ಮುಂದೆ ಸರಿಸಿದ, ಟೀಚರಮ್ಮನ ಮುಂದೆ ಮಾತ್ರ ಸರಿಸಲಿಲ್ಲ. ಮೇಸ್ತ್ರಿಗೆ ಬೆಳಕಿಗೆ ಬೆನ್ನು ಹಾಕಿದ ಕುರ್ಚಿ ಸಿಕ್ಕಿತು, ಅದೃಷ್ಟ, ಎಲ್ಲರ ಬಾಯಿಯೂ ಕಾಣುತ್ತಿತ್ತು. ಇಲ್ಲಿಂದ ಎದ್ದು ಹೋಗುವ ಹೊತ್ತಿಗೆ ತನ್ನನ್ನು ಕೆಲಸಕ್ಕೆ ಕರೆಯುವವರು ಯಾರೂ ಇರುವುದಿಲ್ಲ ಎಂದು ಅವನಿಗೆ ಸ್ಪಷ್ಟವಾಗಿತ್ತು. ಕಿವುಡ ಮೆಕ್ಯಾನಿಕ್‌ನನ್ನು ಯಾರು ಕರೆಯುತ್ತಾರೆ? ನಟ್ಟು ಬಿಚ್ಚಲು ಮರೆಯುವವನನ್ನು ಯಾರು ಕರೆಯುತ್ತಾರೆ? ಆದರೆ ಒಳಗೆ ಏನೋ ಸೆಟೆದು ನಿಂತಿತು, ಆರು ವರ್ಷ ಬಗ್ಗಿಸಿಟ್ಟಿದ್ದು. ಕರೆಯದಿದ್ದರೆ ಬೇಡ, ಕತ್ತೆಬಾಲ! ಇನ್ನು ಯಾರ ತುಟಿ ನೋಡಿಯೂ ಸುಮ್ಮಸುಮ್ಮನೆ ನಗುವುದಿಲ್ಲ.

"ಮೇಸ್ತ್ರಿ, ಇಲ್ಲೊಂದು ಸೈನ್," ಎಂದು ಮ್ಯಾನೇಜರ್ ಕಾಗದ ತಳ್ಳಿದ.

"ಹಾಕಲ್ಲ," ಎಂದ ಮೇಸ್ತ್ರಿ. "ಶಬ್ದ ಇದೆ. ಯಂತ್ರದ ಲಾರಿ ನಟ್ಟು ಬಿಚ್ಚಿಲ್ಲ. ಬಿಚ್ಚಬೇಕಾದವನು ನಾನು, ಮರೆತೆ. ನನಗೆ ಕಿವಿ ಕೇಳಲ್ಲ, ಆರು ವರ್ಷ ಆಯ್ತು. ಆವತ್ತು ಏನೂ ಇಲ್ಲ ಅಂದಿದ್ದು ಅದಕ್ಕೆ."

ಟೈಲರ್ ಬಿಸ್ಕತ್ತನ್ನು ಬಾಯಿಯ ಹತ್ತಿರವೇ ಹಿಡಿದು ಕೂತ. ಮ್ಯಾನೇಜರ್ ನಕ್ಕು, ಎದ್ದು, ಮೇಸ್ತ್ರಿಯ ಕುರ್ಚಿಯ ಹಿಂದೆ ಬಂದು ನಿಂತ. ಅಲ್ಲಿಂದ ಏನೋ ಹೇಳಿರಬೇಕು, ಮಾಲೀಕನ ತುಟಿಯಂಚಿನಲ್ಲಿ ನಗು ಮೂಡಿತು. ಮೇಸ್ತ್ರಿ ತಿರುಗಲಿಲ್ಲ. "ಬೆನ್ನ ಹಿಂದೆ ಮಾತಾಡಿದ್ರೆ ನನಗೆ ಕೇಳಲ್ಲ ಅಂತ ಈಗ ತಾನೆ ಹೇಳಿದೆ. ಹೇಳೋದಿದ್ರೆ ಮುಂದೆ ಬಂದು ಹೇಳಿ."

"ಅಲ್ಲಯ್ಯಾ," ಎಂದ ಮಾಲೀಕ, ಮುಂದಕ್ಕೆ ಬಾಗಿ, "ಕಿವಿ ಕೇಳದವನು ಶಬ್ದ ಇದೆ ಅಂದ್ರೆ ಅದನ್ನ ಹೇಗೆ ನಂಬೋದು?"

"ಕಿವಿ ಕೇಳದವನು ಶಬ್ದ ಇಲ್ಲ ಅಂದಾಗ ನಂಬಿದ್ರಲ್ಲ ಸ್ವಾಮಿ, ಅದು ಹೇಗೆ?"

ಅವನು ಎಲ್ಲರನ್ನೂ ಎಬ್ಬಿಸಿಕೊಂಡು ಯಂತ್ರದ ಕೋಣೆಗೆ ಹೋದ. ಟಾರ್ಚಿನ ಬೆಳಕು ಬಿಟ್ಟು ನಾಲ್ಕು ನಟ್ಟು ತೋರಿಸಿದ, ಸ್ಪ್ರಿಂಗು ಅಪ್ಪಚ್ಚಿಯಾಗಿ ಕೂತಿರುವುದನ್ನು ತೋರಿಸಿದ. ಮಾಲೀಕನ ಅಂಗೈಯನ್ನು ಹಿಡಿದು ಕಂಬಕ್ಕೆ ಒತ್ತಿದ. ಮಾಲೀಕ ಕೈ ಕಿತ್ತುಕೊಂಡು ಅಂಗೈಯನ್ನೇ ನೋಡಿಕೊಂಡ. ಆಮೇಲೆ ಮೇಲಿನ ಕೋಣೆಯಲ್ಲಿ ಫ್ಯಾನು ಆರಿಸಿ, ಕಿಟಕಿ ಮುಚ್ಚಿ ನಿಂತರು. ಈ ಸಲ ಮೇಸ್ತ್ರಿ ಕತ್ತು ವಾಲಿಸಲಿಲ್ಲ, ಕಣ್ಣನ್ನೂ ಮುಚ್ಚಲಿಲ್ಲ, ಉಳಿದವರ ಮುಖಗಳನ್ನು ನೋಡುತ್ತಾ ನಿಂತ. ಮೊದಲು ಬಾಯಿ ಬಿಟ್ಟವನು ಟೈಲರ್. "ನಿಜ ಹೇಳ್ಬೇಕು ಅಂದ್ರೆ, ನನಗೆ ಆವತ್ತೇ ಗುಂಯ್ ಅಂತ ಕೇಳಿಸ್ತು."

ಟೀಚರಮ್ಮ ಅವನ ಕಡೆ ತಿರುಗಿದರು. "ಕೇಳಿಸ್ತು ಅಂದ್ರೆ? ಯಾಕೆ ಹೇಳ್ಲಿಲ್ಲ?"

"ಕಿವಿ ಮೇಸ್ತ್ರಿನೇ ಏನೂ ಇಲ್ಲ ಅಂದ್ಮೇಲೆ…" ಟೈಲರ್ ನೆಲ ನೋಡಿದ. "ನನ್ನ ಕಿವಿನೇ ಸರಿ ಇಲ್ಲ ಅನ್ಕೊಂಡೆ."

ತಾನೊಬ್ಬ ಕಿವುಡನಾದದ್ದು ಸಾಲದೆಂದು ಕೋಣೆಯಲ್ಲಿದ್ದವರನ್ನೆಲ್ಲ ಕಿವುಡರನ್ನಾಗಿ ಮಾಡಿದ್ದೆನಲ್ಲ ಎಂದು ಮೇಸ್ತ್ರಿಗೆ ಅನ್ನಿಸಿತು. ಕೇಳಿಸಿಯೂ ಬಾಯಿ ಮುಚ್ಚಿಕೊಂಡಿದ್ದ ಇವರ ಮೇಲೂ ಸಿಟ್ಟು ಬಂತು. ಮ್ಯಾನೇಜರ್ ಮಾತ್ರ ಚುರುಕು. ಆಫೀಸಿಗೆ ಮರಳಿದ್ದೇ ತಡ, ಎರಡು ಕಾಗದವನ್ನೂ ಸೇರಿಸಿ ಮಡಚಿ ಡ್ರಾಯರಿಗೆ ತಳ್ಳುತ್ತಾ, "ಆಯ್ತು ಬಿಡಿ, ಆದದ್ದು ಆಯ್ತು. ಈಗಲೇ ಹೋಗಿ ಬಿಚ್ಚಿಬಿಡಿ ಮೇಸ್ತ್ರಿ. ಶಬ್ದ ನಿಂತ್ರೆ ಆಯ್ತಲ್ಲ, ಬರೆಯೋದು ಗಿರೆಯೋದು ಯಾಕೆ? ನಿಮಗೂ ಮರ್ಯಾದೆ, ನಮಗೂ ಮರ್ಯಾದೆ. ಟೀಚರ್‌ಗೂ ನಿದ್ದೆ," ಎಂದ. ಮಾತು ಸವಿಯಾಗಿತ್ತು. ಮೇಸ್ತ್ರಿ ಮೇಜು ಸುತ್ತಿ ಹೋಗಿ, ಡ್ರಾಯರ್ ತೆರೆದು ತನ್ನ ಕಾಗದ ತೆಗೆದುಕೊಂಡ. ಟೈಪು ಮಾಡಿದ್ದಕ್ಕೆ ಅಡ್ಡ ಗೆರೆ ಎಳೆದು, ಕೆಳಗೆ, ಶಾಲೆ ಬಿಟ್ಟ ಮೇಲೆ ಇಷ್ಟುದ್ದ ಎಂದೂ ಬರೆಯದ ಕೈಯಲ್ಲಿ ಬರೆಯತೊಡಗಿದ. ಯಂತ್ರದ ಶಬ್ದ ಮೇಲಿನ ಮನೆಗೆ ಹದಿನಾಲ್ಕು ತಿಂಗಳಿಂದ ಹೋಗುತ್ತಿದೆ. ತಪ್ಪು ನನ್ನದು. ನನಗೆ ಕಿವಿ ಕೇಳುವುದಿಲ್ಲ, ಅದನ್ನು ಮುಚ್ಚಿಟ್ಟು ಏನೂ ಇಲ್ಲವೆಂದು ಹೇಳಿದ್ದೆ. ಮೇಲಿನ ಮನೆಯವರು ಹೇಳಿದ್ದು ಮೊದಲಿನಿಂದಲೂ ಸತ್ಯ. ಸೈನ್ ಹಾಕಿ, ತಾರೀಕು ಬರೆದು, ಟೀಚರಮ್ಮನ ಮುಂದೆ ಇಟ್ಟ.

ಅವರು ಅದನ್ನು ಮುಟ್ಟಲಿಲ್ಲ. ಧನ್ಯವಾದ ಹೇಳಲಿಲ್ಲ, ಮುಖವೂ ಸಡಿಲಾಗಲಿಲ್ಲ. ಕಾಗದ ಫೈಲಿನಲ್ಲಿ ಸೇರಿಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. "ಓದಿ," ಅಂದರು.

ಅವನು ಮೆಲ್ಲನೆಯ ದನಿ ಎಂದುಕೊಂಡ ದನಿಯಲ್ಲಿ ಓದಲು ಶುರು ಮಾಡಿದ. ಎರಡನೇ ಸಾಲಿಗೆ ಮ್ಯಾನೇಜರ್ ಗಾಬರಿಯಿಂದ ಎದ್ದು ಹೋಗಿ ಬಾಗಿಲು ಮುಚ್ಚಿದ. ಅದಕ್ಕೆ ಮೊದಲು ಮೇಸ್ತ್ರಿಗೆ ಕಂಡಿತು: ಹೊರಗೆ ಪೆಟ್ಟಿಗೆ ಹೊರುವವರು ಹೆಗಲ ಮೇಲಿನ ಭಾರ ಇಳಿಸದೆಯೇ ನಿಂತುಬಿಟ್ಟಿದ್ದರು; ಟ್ಯೂಷನ್ನಿಗೆ ಬಂದಿದ್ದ ಹುಡುಗಿಯೊಬ್ಬಳ ತಾಯಿ ಮೆಟ್ಟಿಲ ಮೇಲೆ ಕತ್ತು ಚಾಚಿದ್ದಳು. ತನ್ನ ದನಿ ಎಲ್ಲಿಯವರೆಗೆ ಹೋಗುತ್ತಿದೆ ಎಂದು ಅವನಿಗೆ ತಿಳಿಯಿತು. ನಾಲಿಗೆ ತೊದಲಿ ನಿಂತಿತು.

ಟೀಚರಮ್ಮ ಎದ್ದರು. ಬಾಗಿಲನ್ನು ಗೋಡೆಗೆ ಬಡಿಯುವವರೆಗೆ ತೆರೆದರು, ಅದು ಮತ್ತೆ ಮುಚ್ಚಿಕೊಳ್ಳದಂತೆ ತಾವೇ ಅದಕ್ಕೆ ಬೆನ್ನು ಕೊಟ್ಟು, ಅವನಿಗೆ ಬಾಯಿ ಕಾಣುವ ಹಾಗೆ ನಿಂತರು.

"ಮೊದಲಿಂದ," ಅಂದರು.

ಮೇಸ್ತ್ರಿ ಕಾಗದ ಹಿಡಿದು ಎದ್ದು ನಿಂತ. ಎದೆ ತುಂಬ ಉಸಿರೆಳೆದುಕೊಂಡು ಮೊದಲಿನಿಂದ ಓದತೊಡಗಿದ.